ಜೀರ್ಣ ಅಂದರೆ ಹಾಳಾದದ್ದು ಅಂತ ಯಾರು ಹೇಳಿದ್ದು?

ಭಾನುವಾರ ಬೆಳಿಗ್ಗೆ ಅಣ್ಣ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದ.

'ಜೀರ್ಣ ಎಂದರೆ ಹಳೆಯದಾಗಿ ಹಾಳಾದದ್ದು. 60 ದಾಟಿದವರ ಹೊಟ್ಟೆಯೂ ಜೀರ್ಣ. ಮುದ್ದೆ ಅರಗಲು 3 ದಿನ ಬೇಕು. ಇಂದೇ ಬಿಡಿ.'

ಕೆಳಗೆ ಅವನದೇ ಸಾಲು: ಅವ್ವನಿಗೆ ಎದೆಯುರಿ ಯಾಕೆ ಅಂತ ಈಗ ಗೊತ್ತಾಯ್ತಾ?

ಅಣ್ಣನ ಮಗ: ಅಪ್ಪಾ, ಇದನ್ನು ಬರೆದವರು ಯಾರು? ಆಧಾರ ಏನು?

ದೊಡ್ಡಪ್ಪ: ಅಪ್ಪನಿಗೇ ಆಧಾರ ಕೇಳ್ತೀಯಾ? ನಾವು ನಮ್ಮಪ್ಪನ ಮುಂದೆ ಕೂತು ಮಾತಾಡಿದವರಲ್ಲ.

ನಾನು: ಅಣ್ಣ, ಅದು ಅರ್ಧ ಮಾತ್ರ ಸರಿ. ಸಂಸ್ಕೃತದ ಜೀರ್ಣಕ್ಕೆ ಹಳೆಯದಾಗಿ ಸವೆದದ್ದು ಅನ್ನುವ ಅರ್ಥ ಇದೆ, ಅದಕ್ಕೇ ಹಳೇ ಗುಡಿ ಸರಿಮಾಡಿಸುವುದಕ್ಕೆ ಜೀರ್ಣೋದ್ಧಾರ ಅನ್ನುವುದು. ಆದರೆ ಅದೇ ಪದಕ್ಕೆ ಅರಗಿದ್ದು ಅಂತಲೂ ಅರ್ಥ. ನಿನ್ನ ಮಗನಿಗೆ ಹಾಲು ಕುಡಿಸಿ, ಹೊಟ್ಟೆ ಸವರುತ್ತಾ 'ಜೀರ್ಣ ಜೀರ್ಣ ವಾತಾಪಿ ಜೀರ್ಣ' ಅಂತ ಅವ್ವ ಹೇಳುತ್ತಿದ್ದಳಲ್ಲ, ಅಗಸ್ತ್ಯರು ವಾತಾಪಿಯನ್ನು ಅರಗಿಸಿಕೊಂಡ ಕಥೆಯದು, ಮಗುವಿನ ಹೊಟ್ಟೆ ಹಾಳಾಗಲಿ ಅಂತ ಹೇಳಿದ್ದಾ ಅದು? ಉಂಡದ್ದು ಕೆಲವು ಗಂಟೆಗಳಲ್ಲೇ ಹೊಟ್ಟೆ ಬಿಟ್ಟು ಕರುಳಿಗೆ ಇಳಿಯುತ್ತದೆ. ಎದೆಯುರಿ ಬೇರೆ, ಹೊಟ್ಟೆಯ ಆಸಿಡ್ ಅನ್ನನಾಳಕ್ಕೆ ಮೇಲೇರಿದಾಗ ಬರುವುದು. ಉಂಡ ತಕ್ಷಣ ಮಲಗಿದರೆ ಜಾಸ್ತಿ.

ಇಷ್ಟು ಟೈಪ್ ಮಾಡೋಕೆ ನನಗೆ ಕಾಲು ಗಂಟೆ ಹಿಡಿಯಿತು.

ದೊಡ್ಡಪ್ಪನ ಮಗಳು: ಮುದ್ದೆ ಅಂದಾಗ ನೆನಪಾಯ್ತು ಕಣೇ! ಚಿಕ್ಕಮ್ಮ ಗಂಟಿಲ್ಲದ ಹಾಗೆ ಕೋಲಲ್ಲಿ ತಿರುವಿ, ಕೈ ಒದ್ದೆ ಮಾಡಿಕೊಂಡು ಹಬೆ ಆಡುವಾಗಲೇ ಕಟ್ಟೋರು. ಉಪ್ಸಾರಲ್ಲಿ ಅದ್ದಿ ನುಂಗಬೇಕು. ನಾನು ಅಗಿದೆ ಅಂತ ತಾತ ಬೈದಿದ್ದರು, ನೆನಪಿದೆಯಾ?

ಅಣ್ಣ: ಅದಿರಲಿ. ಜೀರ್ಣೋದ್ಧಾರ ಅಂದೆಯಲ್ಲ, ಊರ ಗುಡಿಗೆ ನೀನು ಒಪ್ಪಿದ್ದ 5000 ಇನ್ನೂ ಬಂದಿಲ್ಲ.

ನಾನು: ಯುಗಾದಿಗೆ ಬಂದಾಗಲೇ ಅತ್ತಿಗೆ ಕೈಗೆ ಕೊಟ್ಟಿದ್ದೀನಿ. ಕೇಳಿ ನೋಡು.

ದೊಡ್ಡಪ್ಪ: ದೇವರ ದುಡ್ಡಿನ ಲೆಕ್ಕ ಇಲ್ಲಿ ಬೇಡ.

ಅಣ್ಣ: ಹಾಗಾದರೆ ಗೃಹಪ್ರವೇಶದ ದಿನ ನಿಮ್ಮವರು ಎಲ್ಲರೆದುರು ಕೇಳಿದ್ದು ಸರೀನಾ?

ಅಲ್ಲಿಂದ ಗೃಹಪ್ರವೇಶ, ಯಾರಿಗೆ ಸೀರೆ ಕೊಟ್ಟರು, ಯಾರಿಗೆ ಬರೀ ಬ್ಲೌಸ್ ಪೀಸ್. ಮಧ್ಯಾಹ್ನದವರೆಗೂ ಅದೇ. ಮುದ್ದೆಯ ಮಾತೇ ಇಲ್ಲ. ನನಗೆ ಹೊಟ್ಟೆ ಉರಿಯಿತು.

ಅಣ್ಣನ ಮಗ: ಅಜ್ಜಿಗೆ ಎದೆಯುರಿ ಎಷ್ಟು ದಿನದಿಂದ?

ಯಾರೂ ಉತ್ತರ ಕೊಡಲಿಲ್ಲ. ನಾನೇ ಅವ್ವನಿಗೆ ಫೋನ್ ಮಾಡಿದೆ. 'ಹದಿನೈದು ದಿನ ಆಯ್ತು ಕಣವ್ವ, ಉಂಡು ಒರಗಿದರೆ ಹುಳಿ ತೇಗು' ಅಂದಳು. ಹದಿನೈದು ದಿನ! ಅದನ್ನೇ ಗುಂಪಿಗೆ ಬರೆದೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತಲೂ ಹಾಕಿದೆ.

ಅಣ್ಣ: ಬಸ್ಸಲ್ಲಿ ಬೇಡ. 9 ಗಂಟೆಗೆ ಕಾರು ತರ್ತೀನಿ.