ಅಪ್‌ಡೇಟ್: ಬೇರು ಕೊಳೆತಿದ್ದ ಎಚೆವೇರಿಯಾ ಉಳಿಯಿತು

ನಮಸ್ಕಾರ. ಮಂಗಳೂರಿನ ಮಳೆಗೆ ದಪ್ಪ ಎಲೆಗಳಲ್ಲಿ ನೀರು ಕೂಡಿಡುವ ನನ್ನ ಎಚೆವೇರಿಯಾ ಗಿಡದ ಕೆಳಗಿನ ಎಲೆಗಳು ಹಳದಿಯಾಗಿ, ಮುಟ್ಟಿದರೆ ಪಿಚಕ್ಕೆಂದು ಉದುರುತ್ತಿವೆ, ಏನು ಮಾಡಲಿ ಅಂತ ಕಳೆದ ತಿಂಗಳು ಕೇಳಿದ್ದೆ. ಗಿಡ ಬದುಕಿದೆ!

ಮೊದಲು ನೀರು ನಿಲ್ಲಿಸಿ ಕುಂಡವನ್ನು ಕಿಟಕಿಯ ಬಿಸಿಲಿಗಿಟ್ಟೆ. ಆರು ದಿನದಲ್ಲಿ ಕಾಂಡದ ಬುಡವೂ ಕಪ್ಪಾಯ್ತು. ದಾಲ್ಚಿನ್ನಿ ಪುಡಿ ಉದುರಿಸಿದ್ದೂ ಪ್ರಯೋಜನವಾಗಲಿಲ್ಲ, ಕೊಳೆತ ಒಳಗಿತ್ತು.

ಕೈ ಹಿಡಿದದ್ದು "ತಲೆ ಕತ್ತರಿಸಿ ಹೊಸದಾಗಿ ನೆಡಿ" ಅಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ, ಕಾಂಡವನ್ನು ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಹೋದೆ. ಮೂರನೇ ಸಲ ಕೊಯ್ದಾಗಲೂ ನಡುವೆ ಸಣ್ಣ ಕಂದು ಚುಕ್ಕೆ ಇತ್ತು. ದಯವಿಟ್ಟು ಅಲ್ಲಿಗೆ ಬಿಡಬೇಡಿ, ಅದೇ ಮತ್ತೆ ಮೇಲಕ್ಕೆ ಹರಡುತ್ತದೆ. ಪೂರ್ತಿ ತಿಳಿಹಸಿರು ಕಂಡ ಮೇಲೆ ನಿಲ್ಲಿಸಿ, ಐದು ದಿನ ನೆರಳಲ್ಲಿ ಗಾಯ ಒಣಗಿಸಿ, ದಪ್ಪ ಮರಳು, ಪರ್ಲೈಟ್ (ಮಣ್ಣು ಸಡಿಲವಾಗಿಸುವ ಹಗುರ ಬಿಳಿ ಹರಳು), ಸ್ವಲ್ಪ ಮಣ್ಣು ಬೆರೆಸಿದ ಒಣ ಮಿಶ್ರಣದ ಮೇಲೆ ಕೂರಿಸಿದೆ. ಮೊನ್ನೆ ಮೆಲ್ಲಗೆ ಎತ್ತಿ ನೋಡಿದರೆ ಎಳೆ ಗುಲಾಬಿ ಬೇರುಗಳು!

ಹಳೇ ಬೇರು ಬಿಡಿಸಿದಾಗ ಗೊತ್ತಾದದ್ದು: ನರ್ಸರಿಯವರು ತುಂಬಿದ್ದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಹಾಗೇ ಇತ್ತು, ಸುತ್ತಲಿನ ಮಣ್ಣು ಒಣಗಿದ್ದರೂ ಅದು ಒದ್ದೆ. ಇನ್ನೊಂದು, ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅಂತ ನಂಬಿದ್ದೆ. ನಿಜವಾಗಿ ನುಣ್ಣನೆಯ ಮಣ್ಣಿನ ನೀರು ಜಲ್ಲಿಗೆ ಸಲೀಸಾಗಿ ಇಳಿಯದೆ ಅದರ ಮೇಲೆಯೇ ನಿಂತು, ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿ ತೆಗೆದು, ತೂತಿರುವ ಮಣ್ಣಿನ ಕುಂಡಕ್ಕೆ ಬದಲಾಯಿಸಿದ್ದೇನೆ. ಊದುಬತ್ತಿ ಕಡ್ಡಿ ತಳದವರೆಗೆ ಚುಚ್ಚಿ, ಒಣಗಿ ಬಂದರೆ ಮಾತ್ರ ನೀರು.

ಉದುರಿದ್ದರಲ್ಲಿ ಗಟ್ಟಿಯಾಗಿದ್ದ ಎರಡು ಎಲೆಗಳನ್ನು ತಟ್ಟೆಯಲ್ಲಿಟ್ಟಿದ್ದೆ, ಒಂದರ ಬುಡದಲ್ಲಿ ಪುಟ್ಟ ಮರಿ ಬಂದಿದೆ.