ಹೊಸ ಕನ್ನಡ ಕ್ರೀಡಾ ಸೈಟ್‌ಗೆ ಓದುಗರ ಅಭಿಪ್ರಾಯ ಪಡೆಯುವುದು ಹೇಗೆ? "ಸೂಪರ್ ಸರ್" ಬಿಟ್ಟು ಬೇರೇನೂ ಬರುತ್ತಿಲ್ಲ

ಬೌಂಡರಿಗೆರೆ:
ಎಲ್ಲರಿಗೂ ನಮಸ್ಕಾರ. ಕ್ರೀಡೆಗೆಂದೇ ಕನ್ನಡದಲ್ಲಿ ಒಂದು ಸೈಟ್ ಶುರು ಮಾಡಿದ್ದೇವೆ. ರಣಜಿ, ಮಹಾರಾಜ ಟ್ರೋಫಿ, ಪ್ರೊ ಕಬಡ್ಡಿ, ಬಿಎಫ್‌ಸಿ ಫುಟ್‌ಬಾಲ್ ತಂಡ, ಕಂಬಳ ಎಲ್ಲದರ ಸುದ್ದಿ ಇದೆ. ಪ್ರತಿ ಸುದ್ದಿಯ ಕೆಳಗೆ ಚರ್ಚೆಗೆ ಜಾಗವಿದೆ. ತಮ್ಮೂರಿನ ಪಂದ್ಯದ ವರದಿಯನ್ನು ಓದುಗರೇ ಹಾಕುವ ವಿಭಾಗವೂ ಇದೆ. ಓದುವವರು ಬರುತ್ತಾರೆ, ಬರೆಯುವವರಿಲ್ಲ. ಗೂಗಲ್ ಫಾರ್ಮ್‌ನಲ್ಲಿ 14 ಪ್ರಶ್ನೆ ಹಾಕಿ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿದೆವು. ಬಂದದ್ದೆಲ್ಲ "ಚೆನ್ನಾಗಿದೆ", "ಸೂಪರ್ ಸರ್", "ಹೀಗೇ ಮುಂದುವರಿಸಿ". ಯಾರನ್ನು ಕೇಳಬೇಕು, ಏನು ಕೇಳಬೇಕು, ಯಾವಾಗ ಕೇಳಬೇಕು? ಡೆವಲಪರ್ ಒಬ್ಬರೇ ಇದ್ದಾರೆ, ಬಜೆಟ್ ಹೆಚ್ಚಿಲ್ಲ.

ಸುಮ್ಮನೆನೋಡಿ:
ಫಾರ್ಮ್ ಸದ್ಯಕ್ಕೆ ಪಕ್ಕಕ್ಕಿಡಿ. "ಸೈಟ್ ಹೇಗಿದೆ?" ಎಂದು ಕೇಳಿದರೆ ನಮ್ಮ ಜನ ಮುಖ ಮುರಿಯುವಂತೆ ಮಾತಾಡುವುದಿಲ್ಲ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅಭಿಪ್ರಾಯ ಕೇಳುವ ಬದಲು ಕೆಲಸ ಕೊಟ್ಟು ನೋಡಿ.

ಐದು ಜನ ಸಾಕು. ಬಳಕೆದಾರರ ಪರೀಕ್ಷೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ ವಾದಿಸಿದ್ದು ಇದನ್ನೇ: ಐದು ಜನರನ್ನು ಕೂರಿಸಿ ನೋಡಿದರೆ ದೊಡ್ಡ ತೊಡಕುಗಳಲ್ಲಿ ಬಹುಪಾಲು ಕಣ್ಣಿಗೆ ಬೀಳುತ್ತವೆ. ಹದಿನೈದು ಜನರನ್ನು ಒಂದೇ ಸಲ ಕರೆಯಬೇಡಿ. ಐದು ಜನ, ರಿಪೇರಿ, ಮತ್ತೆ ಬೇರೆ ಐದು ಜನ. ಒಬ್ಬೊಬ್ಬರಿಗೆ 30 ನಿಮಿಷ. ಗೆಳೆಯರು, ನೆಂಟರು ಬೇಡ. ಕ್ರಿಕೆಟ್ ಒಂದನ್ನೇ ನೋಡುವವರೊಬ್ಬರು, ಕಬಡ್ಡಿಯವರೊಬ್ಬರು, ಮೂಡುಬಿದಿರೆ ಕಾರ್ಕಳದ ಕಡೆಯ ಕಂಬಳಾಭಿಮಾನಿ ಒಬ್ಬರು, ಐವತ್ತು ದಾಟಿದವರೊಬ್ಬರು, ಎಲ್ಲೂ ಕಾಮೆಂಟ್ ಹಾಕದವರೊಬ್ಬರು.

ಫೋನ್ ಅವರದೇ ಇರಲಿ, ಡೇಟಾನೂ ಅವರದೇ. ನಿಮ್ಮ ಆಫೀಸಿನ ವೈಫೈನಲ್ಲಿ ಎಲ್ಲ ಸೈಟೂ ಓಡುತ್ತದೆ. ಕೆಲಸ ಹೇಳುವಾಗ ಬಟನ್ ಮೇಲಿರುವ ಪದ ಬಾಯಿಗೆ ಬರಬಾರದು. "ವರದಿ ಸಲ್ಲಿಸಿ ಒತ್ತಿ ನೋಡಿ" ಅಂದರೆ ಉತ್ತರ ಹೇಳಿಕೊಟ್ಟು ಪರೀಕ್ಷೆ ಬರೆಸಿದಂತೆ. "ನಿನ್ನೆ ನಿಮ್ಮೂರಲ್ಲಿ ಕಬಡ್ಡಿ ಫೈನಲ್ ಆಯ್ತು, ಅದನ್ನ ಇದರಲ್ಲಿ ಹಾಕಿ" ಅನ್ನಿ, ಆಮೇಲೆ ಸುಮ್ಮನಿರಿ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಲು ಮೊದಲೇ ತಿಳಿಸಿ. ಹೆಬ್ಬೆರಳು ಎಲ್ಲಿ ನಿಂತಿತು, ಯಾವ ಪುಟದಿಂದ ಹಿಂದಕ್ಕೆ ಹೋದರು, ಇಷ್ಟನ್ನು ಬರೆದುಕೊಳ್ಳಿ. ಅವರು ತಡಕಾಡುವಾಗ ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದೇ ಕಷ್ಟದ ಕೆಲಸ. ನೀವು "ಅಲ್ಲಿ ಮೇಲೆ ನೋಡಿ" ಅಂದರೆ ಆ ತೊಡಕು ಲೆಕ್ಕಕ್ಕೇ ಸಿಗುವುದಿಲ್ಲ.

ಸ್ಕ್ರೀನ್ ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಕೇಳಿ, ಒಟಿಪಿ ಬರುವ ಹೊತ್ತಿಗೆ ನಿಲ್ಲಿಸಿ. 18 ತುಂಬದವರನ್ನು ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಕೂರಿಸಬೇಡಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಅದನ್ನು ಕೇಳುತ್ತದೆ. ಬಂದವರಿಗೆ 200 ರೂಪಾಯಿ ರೀಚಾರ್ಜ್ ಮಾಡಿಸಿ, ಅದೂ ಶುರುವಿನಲ್ಲೇ. ಕೊನೆಯಲ್ಲಿ ಕೊಡುತ್ತೀರಿ ಅಂದರೆ ಹೊಗಳಿಕೆ ಹೆಚ್ಚುತ್ತದೆ.

ಒತ್ತಕ್ಷರ:
ಬರೆಯುವವರಿಲ್ಲ ಅಂದಿರಲ್ಲ, ಬರೆಯಲು ಆಗುತ್ತಿದೆಯೇ ಎಂದು ಮೊದಲು ನೋಡಿ. ಕನ್ನಡ ಸೈಟಿಗೆ ಮಾತ್ರ ಬರುವ ಕಾಯಿಲೆಗಳಿವೆ, ಓದುಗರು ಅವನ್ನು ವಿವರಿಸಲಾರರು, ಎದ್ದು ಹೋಗುತ್ತಾರೆ ಅಷ್ಟೇ.

ಮೊದಲನೆಯದು ಹುಡುಕಾಟ. "ಆರ್‌ಸಿಬಿ" ಎಂದು ನಿಮ್ಮ ಸಂಪಾದಕರು ಬರೆಯುವಾಗ ರ್ ಮತ್ತು ಸಿ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ ಇರುತ್ತದೆ. ಓದುಗರ ಕೀಬೋರ್ಡ್‌ನಲ್ಲಿ ಅದು ಬೀಳದಿದ್ದರೆ "ಆರ್ಸಿಬಿ" ಆಗುತ್ತದೆ. ಕಂಪ್ಯೂಟರಿಗೆ ಇವೆರಡೂ ಬೇರೆ ಬೇರೆ ಪದ. "ರ‍್ಯಾಂಕಿಂಗ್" ಮತ್ತು "ರ್ಯಾಂಕಿಂಗ್" ಕೂಡ ಹಾಗೇ, ಅಲ್ಲಿ ಕಾಣದಂತೆ ಕೂತಿರುವುದು ಜೋಡಿಸುವ ಸಂಕೇತ. ಸುದ್ದಿಯನ್ನು ಸೂಚಿಗೆ ಸೇರಿಸುವಾಗಲೂ ಓದುಗರು ಹುಡುಕುವಾಗಲೂ ಈ ಎರಡು ಸಂಕೇತಗಳನ್ನು ಕಿತ್ತುಹಾಕಿ ಹೋಲಿಸಿ. ಕೊಹ್ಲಿ, ಕೋಹ್ಲಿ ಎರಡೂ ಒಂದೇ ಎಂದು ಒಂದು ಸಮಾನಪದ ಪಟ್ಟಿ ಇಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಸಿಗಬೇಕು. ಫಲಿತಾಂಶ ಸೊನ್ನೆ ಬಂದ ಹುಡುಕಾಟಗಳನ್ನು ದಿನಾ ದಾಖಲಿಸಿಕೊಳ್ಳಿ. ಬಾಯಿಬಿಟ್ಟು ಹೇಳದ ಓದುಗರ ಅಭಿಪ್ರಾಯ ಅಂದರೆ ಅದೇ. 14 ಪ್ರಶ್ನೆಯ ಫಾರ್ಮ್‌ಗಿಂತ ನನಗೆ ಅದರ ಮೇಲೆ ಹೆಚ್ಚು ನಂಬಿಕೆ.

ಎರಡನೆಯದು ಅಂಟಿಸುವುದು. ಊರಿನ ವರದಿಗಾರರಲ್ಲಿ ಎಷ್ಟೋ ಜನ ಇನ್ನೂ ನುಡಿ, ಬರಹ ತಂತ್ರಾಂಶಗಳ, ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟ್‌ನಲ್ಲೇ ಟೈಪ್ ಮಾಡುವುದು. ಅದನ್ನು ನಿಮ್ಮ ಪೆಟ್ಟಿಗೆಗೆ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಸೈಟ್ ಕೆಟ್ಟಿದೆ ಅಂದುಕೊಂಡು ಮುಚ್ಚುತ್ತಾರೆ. ಅಂಟಿಸಿದ ಕೂಡಲೇ ಗುರುತಿಸಿ "ಯೂನಿಕೋಡ್‌ಗೆ ಬದಲಿಸಲೇ?" ಎಂದು ಕೇಳುವ ಪರಿವರ್ತಕ ಜೋಡಿಸಿ.

ಮೂರನೆಯದು ಕತ್ತರಿ. ಯುಟಿಎಫ್8ನಲ್ಲಿ ಕನ್ನಡದ ಒಂದೊಂದು ಸಂಕೇತ 3 ಬೈಟ್; ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ ಸೇರಿದ "ಕ್ಷ" ಒಂದಕ್ಕೇ 9 ಬೈಟ್ ಬೇಕು. ಶೀರ್ಷಿಕೆಯನ್ನು 60 ಬೈಟ್‌ಗೆ ಕತ್ತರಿಸಿದರೆ 20 ಸಂಕೇತಕ್ಕೇ ಮುಗಿಯುತ್ತದೆ, ಕೊನೆಯ ಅಕ್ಷರದ ಒತ್ತು ಹಾರಿಹೋಗಿ ಬರೀ ಅರ್ಧಾಕ್ಷರ ಉಳಿಯುತ್ತದೆ. ಅಕ್ಷರ ಲೆಕ್ಕದಲ್ಲಿ ಕತ್ತರಿಸಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ "ಸ್ತ್ರೀ" ಕೆಳಗಿನ ಒತ್ತುಗಳು ಮುಂದಿನ ಸಾಲಿಗೆ ತಾಗುತ್ತವೆ, 1.6 ಇಡಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4 ಇದೆಯೇ ನೋಡಿಕೊಳ್ಳಿ. ಹಳೆಯ 3 ಬೈಟ್‌ನ ಯುಟಿಎಫ್8ನಲ್ಲಿ ಎಮೋಜಿ ಕೂರುವುದಿಲ್ಲ, ಗೆದ್ದ ಖುಷಿಯಲ್ಲಿ ಹಾಕಿದ ಕಾಮೆಂಟೇ ಸೇವ್ ಆಗದೆ ಹೋಗುತ್ತದೆ.

ಕೊನೆಓವರ್:
"ಯಾವಾಗ" ಅನ್ನುವುದಕ್ಕೆ ನನ್ನ ಉತ್ತರ. ಲೈವ್ ಸ್ಕೋರ್ ಪುಟದಲ್ಲಿ ಪಾಪ್-ಅಪ್ ಹಾಕಲೇಬೇಡಿ. ಪ್ರೊ ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ಅಂಕ ತರದಿದ್ದರೆ ರೇಡರ್ ಔಟಾಗುವ ಡು ಆರ್ ಡೈ ರೇಡ್ ನಡೆಯುತ್ತಿರುವಾಗ "ನಮ್ಮನ್ನು ರೇಟ್ ಮಾಡಿ" ಬಂದರೆ ಆ ಓದುಗ ಮತ್ತೆ ಬರುವುದಿಲ್ಲ. ರಣಜಿ ಓದುಗರಿಗೆ ಊಟದ ವಿರಾಮ 40 ನಿಮಿಷ ಇದೆ, ಆಗ ಕೇಳಿ. ಉಳಿದಂತೆ ಕೆಲಸ ಮುಗಿದ ಕೂಡಲೇ ಕೇಳಬೇಕು, ಅಂದರೆ ಕಾಮೆಂಟ್ ಪ್ರಕಟವಾದ ಮೇಲೆ, ಸುದ್ದಿ ಪೂರ್ತಿ ಓದಿದ ಮೇಲೆ. ಪ್ರಶ್ನೆ ಒಂದೇ: "ಹುಡುಕಿ ಬಂದದ್ದು ಸಿಕ್ಕಿತಾ?" ಹೌದು, ಇಲ್ಲ. ಇಲ್ಲ ಅಂದವರಿಗೆ ಮಾತ್ರ ಪೆಟ್ಟಿಗೆ ತೆರೆಯಲಿ. ಒಮ್ಮೆ ಉತ್ತರಿಸಿದವರನ್ನು 30 ದಿನ ಮತ್ತೆ ಕೇಳಬೇಡಿ.

ಸೋತ ರಾತ್ರಿ ಬರುವುದು ತಂಡದ ಮೇಲಿನ ಸಿಟ್ಟು. ಅದನ್ನೂ ಸೈಟ್ ಮೇಲಿನ ದೂರನ್ನೂ ಬೇರೆ ಬೇರೆ ಇಡಿ. ಆದರೆ ಬೈಗುಳದ ನಡುವೆ "ಸ್ಕೋರು ಟಿವಿಗಿಂತ ಎರಡು ಬಾಲ್ ಹಿಂದೆ" ಎಂಬ ಸಾಲಿದ್ದರೆ ಅದು ಚಿನ್ನ, ಬಿಡಬೇಡಿ. ಹಾಗೆಯೇ ಪಂದ್ಯದ ದಿನದ ಜನಸಂದಣಿ ನೋಡಿ ಹಿಗ್ಗಬೇಡಿ. ಪಂದ್ಯವಿಲ್ಲದ ಮಂಗಳವಾರ ಯಾರು ಮರಳಿ ಬಂದರು ಎಂದು ಎಣಿಸಿ. ಮಾತಾಡಿಸಬೇಕಾದವರು ಅವರು.

ಬೌಂಡರಿಗೆರೆ:
ತುಂಬಾ ಉಪಕಾರವಾಯಿತು. ಒಂದೇ ಅನುಮಾನ: ಬರೆಯುವವರಿಗೆ ಈಗ ಇಟ್ಟಿರುವ ಲಾಗಿನ್ ತೆಗೆದುಬಿಡಲೇ? ತೆಗೆದರೆ ಬೆಟ್ಟಿಂಗ್ ಲಿಂಕ್‌ಗಳು ತುಂಬಿಕೊಳ್ಳುವ ಭಯ.

ಸುಮ್ಮನೆನೋಡಿ:
ದೂರು, ಸಲಹೆಗೆ ಲಾಗಿನ್ ಬೇಡವೇ ಬೇಡ. ಕಾಮೆಂಟ್‌ಗೆ ಇರಲಿ, ಆದರೆ ಗೂಗಲ್ ಲಾಗಿನ್ ಒಂದನ್ನೇ ನಂಬಬೇಡಿ. ಇನ್‌ಸ್ಟಾಗ್ರಾಮ್ ಒಳಗಿಂದ ಲಿಂಕ್ ತೆರೆದವರಿಗೆ ಗೂಗಲ್ ಆ ಒಳಬ್ರೌಸರ್‌ನಲ್ಲಿ ಲಾಗಿನ್ ತಡೆಯುತ್ತದೆ. "ಕ್ರೋಮ್‌ನಲ್ಲಿ ತೆರೆಯಿರಿ" ಎಂಬ ಸೂಚನೆ ಹಾಕಿ ಅಥವಾ ಒಟಿಪಿ ಕೊಡಿ. ಒಟಿಪಿ ಎಸ್‌ಎಂಎಸ್‌ಗೆ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ಕಳಿಸುವ ಹೆಸರು, ಸಂದೇಶದ ಮಾದರಿ ಎರಡೂ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಹೊಸಬರ ಮೊದಲ 5 ಕಾಮೆಂಟ್‌ಗಳಲ್ಲಿ ಲಿಂಕ್ ಇದ್ದರೆ ತಡೆಹಿಡಿಯಿರಿ, ಅರ್ಧ ಕಸ ಅಲ್ಲೇ ನಿಲ್ಲುತ್ತದೆ. ಹಣ ಕಟ್ಟುವ ಆಟಗಳ ಜಾಹೀರಾತಿಗೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಡಿ ನಿಷೇಧವಿದೆ, ಆ ಲಿಂಕ್‌ಗಳನ್ನು ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಕುಂದುಕೊರತೆ ಅಧಿಕಾರಿಯ ಹೆಸರು, ಮೇಲ್ ಸೈಟ್‌ನಲ್ಲಿ ಕಾಣಬೇಕು. 2021ರ ಐಟಿ ನಿಯಮದಂತೆ ದೂರು ತಲುಪಿತೆಂದು 24 ಗಂಟೆಯೊಳಗೆ ತಿಳಿಸಿ, ನಿಯಮ ಹೇಳುವ ಗಡುವಿನೊಳಗೆ ಇತ್ಯರ್ಥ ಮಾಡಬೇಕು.

ಕರೆಬದಿ:
ಕಂಬಳದವರ ಬಗ್ಗೆ ಒಂದು ಮಾತು. "ಕಂಬಳ ಫಲಿತಾಂಶ" ಎಂದು ಒಂದೇ ಪಟ್ಟಿ ಹಾಕಿದರೆ ಅವರಿಗೆ ಅದು ಅರೆಬೆಂದ ಸುದ್ದಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆಹಲಗೆ ಎಂದು ಬೇರೆ ಬೇರೆ ಇರಬೇಕು. ಕೋಣದ ಯಜಮಾನರ ಹೆಸರಿನ ಜೊತೆ ಓಡಿಸಿದವರ ಹೆಸರೂ ಬೇಕು. ವರದಿ ಹಾಕುವ ಪುಟದಲ್ಲಿ ಇವಕ್ಕೆ ಖಾನೆಗಳಿವೆಯೇ? ಇಲ್ಲದಿದ್ದರೆ ಅವರೇಕೆ ಬರೆಯುತ್ತಾರೆ? ಕೋಣಗಳು ಓಡುವ ಕರೆಯ ಹತ್ತಿರ ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಅಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಪ್ರಯೋಜನವಿಲ್ಲ. ಒಂದು ವಾಟ್ಸ್ಆ್ಯಪ್ ನಂಬರ್ ಕೊಟ್ಟು ವಾಯ್ಸ್ ಮೆಸೇಜ್ ಕಳಿಸಲು ಹೇಳಿ, ಸಿಗ್ನಲ್ ಸಿಕ್ಕಾಗ ಅದು ತಾನಾಗಿ ಹೋಗುತ್ತದೆ. ಟೈಪ್ ಮಾಡಲು ಹಿಂಜರಿಯುವವರು ಎರಡು ನಿಮಿಷ ನಿರರ್ಗಳವಾಗಿ ಮಾತಾಡುತ್ತಾರೆ, ತುಳುವಿನಲ್ಲಾದರೂ ಸರಿ.

ಒತ್ತಕ್ಷರ:
ಮೇಲಿನದಕ್ಕೆ ಸೇರಿಸಿ: ಬಂದ ದೂರುಗಳಿಗೆ ಒಂದು ಶೀಟ್ ಮಾಡಿ. ದಿನಾಂಕ, ಓದುಗರ ಮಾತು ಅವರದೇ ಪದದಲ್ಲಿ, ಫೋನ್ ಮಾಡೆಲ್, ಬ್ರೌಸರ್, ಎಷ್ಟು ಜನ ಹೇಳಿದರು, ಏನು ಮಾಡಿದೆವು. ಡೆವಲಪರ್ ಒಬ್ಬರೇ ಆದ್ದರಿಂದ ವಾರಕ್ಕೆ ಮೂರು ರಿಪೇರಿ ಮಾತ್ರ ಆರಿಸಿ, ಬರೆಯುವುದಕ್ಕೆ ಅಡ್ಡಿಯಾಗುವಂಥದ್ದು ಮೊದಲು. ಸರಿಮಾಡಿದ ಮೇಲೆ ದೂರು ಕೊಟ್ಟವರಿಗೇ ಒಂದು ಸಾಲು ಬರೆಯಿರಿ: "ನೀವು ಹೇಳಿದ್ದ ಆರ್‌ಸಿಬಿ ಹುಡುಕಾಟ ಸರಿಯಾಗಿದೆ, ನೋಡಿ ಹೇಳ್ತೀರಾ?" ಮುಂದಿನ ಸುತ್ತಿನ ಐದು ಜನರಲ್ಲಿ ಇಬ್ಬರು ಆ ಪಟ್ಟಿಯಿಂದಲೇ ಸಿಗುತ್ತಾರೆ.