9 ಜನದ ಫ್ಯಾಮಿಲಿ ಫೋಟೋಗೆ ಬಟ್ಟೆ ಹೆಂಗೆ ಹೊಂದಿಸೋದು? ಅಜ್ಜಿ ಇಳಕಲ್ ಸೀರೆನೇ ಉಡ್ತೀನಿ ಅಂತಿದಾರೆ

ವಿಜಯನಗರದ_ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವಂಗೆ 60 ತುಂಬತ್ತೆ, ಅದಕ್ಕೆ ಡಿಸೆಂಬರ್ ಮೂರನೇ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಲ್ಲಿ ಫ್ಯಾಮಿಲಿ ಫೋಟೋ ತೆಗೆಸೋಣ ಅಂತ ಫೋಟೋಗ್ರಾಫರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ. ನಾವು ಒಟ್ಟು 9 ಜನ, ನಮ್ಮನೆಯವರ ಅಜ್ಜಿ (84 ವರ್ಷ), ಅತ್ತೆ, ಮಾವ, ನಾವಿಬ್ರು, ಮಗಳು 7 ವರ್ಷ, ಮಗ ಎರಡೂವರೆ, ಮೈದುನ, ವಾರಗಿತ್ತಿ. ಹೊಟ್ಟೆಗೆ ಬಟ್ಟೆಗೆ ದೇವರ ದಯೆಯಿಂದ ಕಮ್ಮಿ ಇಲ್ಲ ಆದ್ರೆ ಈ ಬಟ್ಟೆ ವಿಷಯದಲ್ಲೇ ಮನೇಲಿ ಒಂದು ವಾರದಿಂದ ಮಾತು ಮುಗೀತಿಲ್ಲ. ವಾರಗಿತ್ತಿ ಎಲ್ಲರೂ ಬಿಳಿ ಶರ್ಟು ಜೀನ್ಸ್ ಹಾಕೋಣ ಅಂತಾಳೆ, ಅತ್ತೆಗೆ ಎಲ್ಲಾ ಹೆಂಗಸರೂ ಮೈಸೂರು ಸಿಲ್ಕ್ ಉಡ್ಬೇಕು, ನಮ್ಮನೆಯವರು ಆನ್‌ಲೈನಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ಒಂದೇ ತರ ಬರೋ ಕಾಂಬೋ ಸೆಟ್ ತೋರಿಸ್ತಿದಾರೆ.

ಅಜ್ಜಿ ಮಾತ್ರ ಒಂದೇ ಮಾತು, "ನನಗ ಹೊಸಾದು ಬ್ಯಾಡವಾ, ಇದ ಸೀರಿ ಉಡತೀನಿ." ಅದು ಇಳಕಲ್ ಸೀರೆ, ಮೈ ಕಪ್ಪು ಅನ್ನೋಷ್ಟು ಗಾಢ ನೀಲಿ, ಅಂಚು ಕೆಂಪು, ಸೆರಗು ಕೆಂಪು ಬಿಳಿ. ನಮ್ಮ ಅತ್ತೆ ಮಾವನ ಮದುವೇಲಿ ಅಜ್ಜ ತಂದುಕೊಟ್ಟಿದ್ದಂತೆ. ಅಜ್ಜ ಹೋಗಿ ಹದಿನಾಲ್ಕು ವರ್ಷ ಆಯ್ತು, ಆಮೇಲಿಂದ ಅಜ್ಜಿ ತಿಳಿ ಬಣ್ಣ ಬಿಟ್ಟು ಬೇರೆ ಉಟ್ಟಿದ್ದನ್ನ ನಾನು ನೋಡೇ ಇಲ್ಲ, ಈಗ ಅವರಾಗೇ ಪೆಟ್ಟಿಗೆಯಿಂದ ತೆಗೆದು ಮಂಚದ ಮೇಲೆ ಇಟ್ಕೊಂಡಿದಾರೆ. ಅದನ್ನ ಬೇಡ ಅನ್ನೋಕೆ ನಂಗೆ ಮನಸ್ಸಿಲ್ಲ. ಹಾಗಂತ ಅಜ್ಜಿ ಒಬ್ಬರೇ ಬೇರೆ ಮನೆಯವರ ತರ ಕಾಣ್ಬಾರ್ದು ಅಲ್ವಾ. ಈ ಫೋಟೋ ದೊಡ್ಡದು ಮಾಡ್ಸಿ ಹಾಲಲ್ಲಿ ಹಾಕ್ತೀವಿ. ಗೊತ್ತಿರೋರು ದಯವಿಟ್ಟು ಹೇಳಿ.

ಬೆಳಕುನೆರಳು:
ಮೇಡಂ, ನಾನು ಬಸವನಗುಡಿಲಿ ಇರೋದು, ಮದುವೆ ಮತ್ತೆ ಫ್ಯಾಮಿಲಿ ಫೋಟೋ ತೆಗೆಯೋದೇ ಕೆಲಸ. ಅಜ್ಜಿ ಸೀರೆ ಅಡ್ಡಿ ಅನ್ಕೊಂಡಿದೀರ, ನನ್ನ ಕೇಳಿದ್ರೆ ನಿಮ್ಮ ಫೋಟೋ ಅಲ್ಲಿಂದನೇ ಶುರು ಆಗ್ಬೇಕು. ಯಾರ ಬಟ್ಟೆ ಬದಲಾಯಿಸಕ್ಕೆ ಆಗಲ್ವೋ ಅವರದ್ದನ್ನ ಮೊದಲು ಫಿಕ್ಸ್ ಮಾಡಿ ಮಿಕ್ಕ 8 ಜನದ್ದು ಅದರೊಳಗಿಂದ ಎತ್ಕೊಳಿ. ಆ ಸೀರೇಲೇ ಮೂರು ಬಣ್ಣ ಇದೆ, ಗಾಢ ನೀಲಿ, ಕೆಂಪು, ಬಿಳಿ. ಕೆಂಪನ್ನ ಸ್ವಲ್ಪ ಇಳಿಸಿ ಮರೂನ್ ಮಾಡ್ಕೊಳಿ, ಯಾಕಂದ್ರೆ ಕಣ್ಣಿಗೆ ಹೊಡೆಯೋ ಕೆಂಪಲ್ಲಿ ಕ್ಯಾಮೆರಾಗೆ ಬಟ್ಟೆ ನೆರಿಗೆ ಎಳೆ ಏನೂ ಸಿಗಲ್ಲ, ಬಣ್ಣ ಬಳಿದಂಗೆ ಕಾಣತ್ತೆ. ಬಿಳಿನ ಹಾಲು ಬಿಳಿ ಬೇಡ, ಕೆನೆ ಬಣ್ಣ ಮಾಡ್ಕೊಳಿ. ಬೇಕಿದ್ರೆ ಒಬ್ಬರಿಗೋ ಇಬ್ಬರಿಗೋ ಸಾಸಿವೆ ಹಳದಿ ಸೇರಿಸ್ಬಹುದು, ಇಳಕಲ್ ಪಕ್ಕ ಅದು ಚೆನ್ನಾಗಿ ಕೂರತ್ತೆ. ಅಷ್ಟೇ ಬಣ್ಣ ಸಾಕು.

ಎಲ್ಲರೂ ಬಿಳಿ ಶರ್ಟು ಅನ್ನೋದು ನಿಮ್ಮನೆಗೆ ಆಗಿಬರಲ್ಲ. ಫೋಟೋಲಿ ಕಣ್ಣು ಮೊದಲು ಹೋಗೋದು ಎಲ್ಲಿ ಬೆಳಕು ಜಾಸ್ತಿ ಇದೆಯೋ ಅಲ್ಲಿಗೆ, ಎಂಟು ಬಿಳಿ ಶರ್ಟು ಇದ್ರೆ ಮುಖ ಆಮೇಲೆ ಕಾಣೋದು, ಅಜ್ಜಿ ಇನ್ನೂ ಆಮೇಲೆ. ಅಲ್ಲದೆ ಹುಲ್ಲಿನ ಮೇಲೆ ಕೂತ್ರೆ ಆ ಹಸಿರು ಬಿಳಿ ಬಟ್ಟೆಗೆ ಹೊಡೆಯತ್ತೆ, ಗಲ್ಲದ ಕೆಳಗೂ ಹಸಿರು ಛಾಯೆ ಬರತ್ತೆ. ಸಣ್ಣ ಗೆರೆ, ಸಣ್ಣ ಚೌಕಳಿ ಇರೋ ಶರ್ಟೂ ಬೇಡ. ಬಟ್ಟೆಯ ಗೆರೆ ಸಾಲೂ ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್ ಸಾಲೂ ಒಂದರ ಮೇಲೊಂದು ಬಿದ್ದಾಗ ಇಲ್ಲದೇ ಇರೋ ಅಲೆ ಅಲೆ ಪಟ್ಟೆ ಮೂಡತ್ತೆ, ಮೊಯ್ರೆ ಅಂತಾರೆ ಅದನ್ನ, ತೆಗೆಯೋದು ದೊಡ್ಡ ತಲೆನೋವು. ಆಫೀಸಿಗೆ ಹಾಕೋ ಶರ್ಟುಗಳು ಮುಕ್ಕಾಲು ಪಾಲು ಈ ತರದ್ದೇ, ನಿಮ್ಮನೆಯವರದ್ದು ಮೈದುನರದ್ದು ತೆಗೆದು ನೋಡಿ.

ಅತ್ತೆಯವರ ಮೈಸೂರು ಸಿಲ್ಕ್ ಖಂಡಿತ ಉಡಲಿ. ಅದು ಮೈಯೆಲ್ಲಾ ಪ್ಲೇನ್, ಅಂಚಲ್ಲಿ ಜರಿ, ಹಾಗಾಗಿ ಇಳಕಲ್ ಜೊತೆ ಜಗಳ ಆಡಲ್ಲ. ಸಾಸಿವೆ ಬಣ್ಣದ್ದೋ ಕೆನೆ ಬಣ್ಣದ್ದೋ ಇದ್ಯಾ ನೋಡಿ. ಬಿಸಿಲು ನೇರ ಬಿದ್ರೆ ಮಾತ್ರ ಆ ರೇಷ್ಮೆ, ಜರಿ ಎರಡೂ ಹೊಳೆದು ಅಲ್ಲಿ ಬರೀ ಬಿಳಿ ಚುಕ್ಕೆ ಉಳಿಯತ್ತೆ, ನೆರಳಲ್ಲಿ ನಿಲ್ಲಿಸಿ.

ಇನ್ನೊಂದು, ಕಬ್ಬನ್ ಪಾರ್ಕಲ್ಲಿ ಜನ ಇಷ್ಟಪಡೋ ಬ್ಯಾಕ್‌ಗ್ರೌಂಡ್ ಅಂದ್ರೆ ಸೆಂಟ್ರಲ್ ಲೈಬ್ರರಿ ಇರೋ ಶೇಷಾದ್ರಿ ಅಯ್ಯರ್ ಹಾಲ್. 1915ರ ಕಟ್ಟಡ, ಬಲು ಚೆನ್ನಾಗಿದೆ, ಆದ್ರೆ ಪೂರ್ತಿ ಕೆಂಪು. ಅದರ ಮುಂದೆ ನಿಮ್ಮ ಅಜ್ಜಿ ಸೆರಗು ಕಳೆದೇಹೋಗತ್ತೆ. ಬಿದಿರು ಮೆಳೆ ಕಡೆ ಹೋಗಿ. ಭಾನುವಾರ ಪಾರ್ಕ್ ಒಳಗೆ ಗಾಡಿ ಬಿಡಲ್ಲ ಅನ್ನೋದು ನಿಮಗೆ ಗೊತ್ತು ತಾನೆ, 84ರ ಅಜ್ಜಿನ ಗೇಟಿಂದ ನಡೆಸ್ಬೇಕಾಗತ್ತೆ, ವೀಲ್‌ಚೇರ್ ಯೋಚಿಸಿ. ದೊಡ್ಡ ಕ್ಯಾಮೆರಾ ಶೂಟ್‌ಗೆ ತೋಟಗಾರಿಕೆ ಇಲಾಖೆ ಪರ್ಮಿಷನ್ ಬೇಕು, ನಿಮ್ಮ ಫೋಟೋಗ್ರಾಫರ್ ತಗೊಂಡಿದಾರಾ ಅಂತ ಈಗಲೇ ಕೇಳಿ.

ಇಬ್ಬರ_ಅಮ್ಮ:
ಅಕ್ಕ, ಕಾಂಬೋ ಸೆಟ್ ಮಾತ್ರ ತಗೋಬೇಡಿ. ಹೋದ ವರ್ಷ ನಾವು ಯುಗಾದಿಗೆ ಅಂತ ನಾಲ್ಕು ಜನಕ್ಕೆ ಆನ್‌ಲೈನಲ್ಲಿ ತರಿಸಿದ್ವಿ, ಫೋಟೋಲಿ ಎಲ್ಲಾ ಒಂದೇ ಪೀಚ್ ಬಣ್ಣ, ಬಂದಾಗ ನಮ್ಮನೆಯವರ ಕುರ್ತಾ ಪೀಚು, ನಂದು ಕಿತ್ತಳೆ, ಮಕ್ಕಳದ್ದು ಇನ್ನೊಂದು ತರ. ಒಂದೇ ಬಣ್ಣ ಹಾಕಕ್ಕೆ ಹೋಗಿ ಸ್ವಲ್ಪ ತಪ್ಪಿದ್ರೆ ಅದು ತಪ್ಪು ಅಂತಲೇ ಎದ್ದು ಕಾಣತ್ತೆ, ಬೇಕಂತಲೇ ಬೇರೆ ಬೇರೆ ಹಾಕಿದ್ರೆ ಆ ತೊಂದ್ರೆನೇ ಇಲ್ಲ. ವಾಪಸ್ ಕಳಿಸೋಷ್ಟರಲ್ಲಿ ಹಬ್ಬ ಮುಗೀತು.

ಎರಡೂವರೆ ವರ್ಷದ ಮಗು ಬಗ್ಗೆ ನಾನು ಹೇಳ್ತೀನಿ ಕೇಳಿ. ನನ್ನ ಚಿಕ್ಕವನಿಗೆ ಆವತ್ತು ಜರಿ ಇರೋ ಕಾಲರ್ ಕುರ್ತಾ ಹಾಕಿದ್ವಿ, ಕತ್ತು ಕೆರ್ಕೊಂಡು ಕೆರ್ಕೊಂಡು ಕೆಂಪಾಗಿ ಅಳ್ತಾನೇ ಇದ್ದ, ಒಂದು ಫೋಟೋಲೂ ಅವನ ಮುಖ ಸರಿ ಬಂದಿಲ್ಲ, ಈಗಲೂ ಅದನ್ನ ನೋಡಿದ್ರೆ ಮಗುನ ಸುಮ್ನೆ ಗೋಳಾಡಿಸಿದೆ ಅಂತ ಸಂಕಟ ಆಗತ್ತೆ. ಮೆತ್ತನೆ ಕಾಟನ್, ಒಂದೆರಡು ಸಲ ಒಗೆದಿದ್ದು, ಲೇಬಲ್ ಕತ್ತರಿಸಿ, ಹಿಂದಿನ ವಾರ ಒಂದು ಗಂಟೆ ಮನೇಲಿ ಹಾಕಿ ಆಟ ಆಡಕ್ಕೆ ಬಿಡಿ. ಮಕ್ಕಳಿಗೆ ಗಾಢ ಬಣ್ಣದ್ದೇ ಒಳ್ಳೇದು, ಅಲ್ಲಿ ಹೋಗಿ ಮಣ್ಣಲ್ಲಿ ಕೂತೇ ಕೂರ್ತಾವೆ. ಅದೇ ಬಣ್ಣದ್ದು ಇನ್ನೊಂದು ಜೊತೆ ಬ್ಯಾಗಲ್ಲಿ ಇಟ್ಕೊಳಿ.

ಹಾಂ, ಡಿಸೆಂಬರ್ ಬೆಳಿಗ್ಗೆ ಚಳಿ! ಎಲ್ಲರೂ ಬಟ್ಟೆ ಯೋಚನೆ ಮಾಡಿ ಸ್ವೆಟರ್ ಮರೀತಾರೆ. ಆಮೇಲೆ ಅಜ್ಜಿ ಚೆಂದದ ಸೀರೆ ಮೇಲೆ ಯಾರದೋ ಹಸಿರು ಸ್ವೆಟರ್ ಬರತ್ತೆ. ಕೆನೆ ಬಣ್ಣದ್ದೋ ಮರೂನೋ ಒಂದು ಶಾಲು ಈಗಲೇ ಎತ್ತಿಡಿ.

ಗುಳೇದಗುಡ್ಡದ_ಹುಡುಗಿ:
ಅಕ್ಕಾರ, ಅಜ್ಜಿ ಸೀರಿ ಬಗ್ಗೆ ಓದಿ ಭಾಳ ಖುಷಿ ಆತು. ನಾ ಈಗ ಆರ್‌ಆರ್ ನಗರದಾಗ ಇರೋದು, ತವರುಮನಿ ಗುಳೇದಗುಡ್ಡ. ಅಜ್ಜಿಯವರದು ಟೋಪ ತೆನಿ ಸೆರಗು ಇರಬೇಕು, ಮೂರು ಕಡೆ ಕೆಂಪು, ನಡುವ ಎರಡು ಕಡೆ ಬಿಳಿ. ಆ ಸೀರಿ ಮೈಯ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕಿ ಜೋಡಸ್ತಾರ, ಅದಕ್ಕ ಆ ಸೆರಗು ಫೋಟೋದಾಗ ಕಾಣಬೇಕು ನೋಡ್ರಿ. ಅಜ್ಜಿನ ಕುರ್ಚಿ ಮ್ಯಾಲೆ ನಡುವ ಕೂಡಸ್ರಿ, ಸೆರಗು ಬಲಗಡೆಯಿಂದ ತಂದು ತೊಡಿ ಮ್ಯಾಲೆ ಹರವ್ರಿ. ಮರಿಮೊಮ್ಮಗಳಿಗೆ ಮುಂದ ನಿಲ್ಲಬ್ಯಾಡ ಅಂತ ಹೇಳ್ರಿ.

ಮಗಳಿಗೆ ನಮ್ಮೂರ ಖಣದ ಬಟ್ಟಿದು ಒಂದು ಲಂಗ ಹೊಲಸ್ರಿ. ಮರೂನ್ ಬಣ್ಣದ್ದು ತಗೋರಿ, ಅಜ್ಜಿ ದಡಿಗೆ ತಕ್ಕಂಗ ಆಕ್ಕತಿ, ಇಡೀ ಫೋಟೋದಾಗ ಅಜ್ಜಿ ಮತ್ತ ಆಕಿ ಇಬ್ಬರ ಮೈಮ್ಯಾಲಷ್ಟ ಕೈಮಗ್ಗದ ಕೆಲಸ ಕಾಣತದ. ಖಣದ ಪನ್ನಾ (ಅಗಲ) ಸಣ್ಣದು, ಅದನ್ನ ಕುಪ್ಪಸಕ್ಕಂತನ ನೇಯ್ದಿರತಾರ, ಹಂಗಾಗಿ ಲಂಗಕ್ಕ ಎರಡು ಮೂರು ಪೀಸ್ ಬೇಕಾಗತಾವ, ಟೇಲರ್ ಕಡೆ ಅಳತಿ ಕೇಳಿ ತಗೋರಿ. ಒಳಗ ಕಾಟನ್ ಲೈನಿಂಗ್ ಕೊಡಸ್ರಿ. ಅಂಗಡ್ಯಾಗ ಟ್ಯೂಬ್‌ಲೈಟ್ ಕೆಳಗ ನೋಡಿ ಬಣ್ಣ ಒಪ್ಪಕೋಬ್ಯಾಡ್ರಿ, ಸೀರಿದು ಒಂದು ಫೋಟೋ ಬದಲಿ ಸೀರಿಯನ್ನ ಒಯ್ದು ಬಾಗಲ ಹೊರಗ ಹಗಲ ಬೆಳಕಿನ್ಯಾಗ ಹಿಡದು ನೋಡ್ರಿ. ಮಲ್ಲೇಶ್ವರಂ, ಗಾಂಧಿಬಜಾರ್, ಜಯನಗರದ ಮ್ಯಾಚಿಂಗ್ ಸೆಂಟರ್‌ನ್ಯಾಗ ಹೊರಗ ತಂದು ನೋಡ್ತೀವಿ ಅಂದ್ರ ಯಾರೂ ಬ್ಯಾಡ ಅನ್ನಂಗಿಲ್ಲ.

ಬನಶಂಕರಿ_2ನೇ_ಹಂತ:
ಗಂಡಸರ ಬಗ್ಗೆ ಯಾರೂ ಹೇಳ್ಲಿಲ್ಲ. ಮಾವನವರಿಗೆ ಪಂಚೆ ಶಲ್ಯ, ಕೆನೆ ಬಣ್ಣದ ರೇಷ್ಮೆ ಶರ್ಟು, 60ರ ಸಂಭ್ರಮಕ್ಕೆ ಅದೇ ಲಕ್ಷಣ. ನಿಮ್ಮನೆಯವರು ಗಾಢ ನೀಲಿ ಪ್ಲೇನ್ ಕುರ್ತಾ ಹಾಕಿದ್ರೆ ಮೈದುನರು ನೀಲಿ ಬಿಟ್ಟು ಕೆನೆನೋ ಮರೂನೋ ಹಾಕಲಿ. ಜೇಬಲ್ಲಿ ಫೋನು, ಪರ್ಸು, ಕಾರ್ ಕೀ ಬೇಡ, ಉಬ್ಬಿರೋದು ಕಾಣತ್ತೆ. ಯಾರಾದ್ರೂ ಬಿಸಿಲಿಗೆ ಕಪ್ಪಾಗೋ ಕನ್ನಡಕ ಹಾಕ್ತಾರಾ? ಹೊರಗೆ ಹೋದ ಒಂದು ನಿಮಿಷಕ್ಕೆ ಅದು ಕಪ್ಪಾಗತ್ತೆ, ನಮ್ಮಪ್ಪನ ಕಣ್ಣೇ ಕಾಣ್ತಿಲ್ಲ ನಮ್ಮ ಫೋಟೋಲಿ, ಹಳೇ ಮಾಮೂಲಿ ಕನ್ನಡಕ ಹಾಕಿಸಿ.

ವಿಜಯನಗರದ_ಸೊಸೆ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಾ ಅಂತ ಅನ್ಕೊಂಡಿರ್ಲಿಲ್ಲ. ನಿಮ್ಮ ಮಾತೆಲ್ಲಾ ಮನೇಲಿ ಓದಿ ಹೇಳ್ದೆ, ಅತ್ತೆಗೆ ಮೈಸೂರು ಸಿಲ್ಕ್ ಉಡ್ಬಹುದು ಅಂದಿದ್ದೇ ತಡ ಒಪ್ಕೊಂಡ್ರು, ಸಾಸಿವೆ ಬಣ್ಣದ್ದು ಅವರತ್ರ ಇತ್ತು. ವಾರಗಿತ್ತಿಗೆ ಕೆನೆ ಬಣ್ಣದ ಕಾಟನ್ ಸೀರೆ, ನಂಗೆ ಮರೂನ್. ಕಬ್ಬನ್ ಪಾರ್ಕ್ ಬಿಟ್ವಿ, ಪರ್ಮಿಷನ್ ಫೋಟೋಗ್ರಾಫರ್ ತಗೊಂಡೇ ಇರ್ಲಿಲ್ಲ, ಅಜ್ಜಿನ ಅಷ್ಟು ದೂರ ನಡೆಸೋದೂ ಬೇಡ ಅನ್ನಿಸ್ತು. ನಮ್ಮನೆ ಮುಂದೇನೇ ದೊಡ್ಡ ಹೊಂಗೆಮರ ಇದೆ, ಅದರ ನೆರಳಲ್ಲಿ ತೆಗೆಸ್ತೀವಿ.

ಇವತ್ತು ಬೆಳಿಗ್ಗೆ ಏಳೂವರೆಗೆ ಎಲ್ಲರನ್ನೂ ಅಲ್ಲೇ ನಿಲ್ಲಿಸಿ ಮೊಬೈಲಲ್ಲಿ ಒಂದು ಟ್ರಯಲ್ ತೆಗೆದ್ವಿ. ಮೈದುನನ ಶರ್ಟಲ್ಲಿ ಸರ್ ಹೇಳಿದ ಅಲೆ ಅಲೆ ಪಟ್ಟೆ ಬಂದೇಬಿಡ್ತು, ಬದಲಾಯಿಸ್ತಾನೆ. ಅಜ್ಜಿ ಸೀರೆ ಬಿಚ್ಚಿದಾಗ ಡಾಂಬರು ಗುಳಿಗೆ ವಾಸನೆ ಇಡೀ ರೂಮಿಗೆ ಬಂತು, ಮಡಿಕೆ ಬಿದ್ದ ಜಾಗದಲ್ಲಿ ಸೆರಗಿನ ಎಳೆ ಎರಡಿಂಚಿನಷ್ಟು ಬಿಟ್ಟಿದೆ. ಅಜ್ಜಿ ಅದನ್ನ ಬೆರಳಲ್ಲಿ ಸವರ್ತಾ ಸುಮ್ನೆ ಕೂತಿದ್ರು, ನಂಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಇದಕ್ಕೆ ಏನಾದ್ರೂ ಮಾಡಕ್ಕಾಗತ್ತಾ?

ಗುಳೇದಗುಡ್ಡದ_ಹುಡುಗಿ:
ಆಕ್ಕತಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ. ರಫೂ ಮಾಡೋರ ಕಡೆ ಒಯ್ರಿ, ಕೆಂಪು ರೇಷ್ಮಿ ಎಳಿ ಹಾಕಿ ತುಂಬತಾರ. ಅಲ್ಲೀತನಕ ಆ ಮಡಿಕಿ ಮ್ಯಾಲೆ ಇಸ್ತ್ರಿ ತಿಕ್ಕಬ್ಯಾಡ್ರಿ, ಹಳೇ ಎಳಿ ಇನ್ನಷ್ಟು ಹರೀತದ. ನೆರಳಾಗ ಎರಡು ದಿನ ಹಗ್ಗಕ್ಕ ಹಾಕ್ರಿ, ಬಿಸಲಾಗ ಬ್ಯಾಡ, ವಾಸನಿ ಹೋಗತದ. ತಿರುಗಿ ಮಡಚೋವಾಗ ಬ್ಯಾರೆ ಕಡೆ ಮಡಚ್ರಿ. ರಫೂ ಆಗಲಿಲ್ಲಂದ್ರೂ ಉಡಸೋವಾಗ ಆ ಜಾಗ ಒಳಗಿನ ಪದರಕ್ಕ ಬರೂಹಂಗ ಒಂದು ಪಿನ್ ಹಾಕ್ರಿ.

ವಿಜಯನಗರದ_ಸೊಸೆ:
ರಫೂ ಮಾಡೋರು ಚಿಕ್ಕಪೇಟೇಲಿ ಸಿಗ್ತಾರಂತೆ, ಅತ್ತೆ ವಿಚಾರಿಸಿದ್ರು, ಬುಧವಾರ ಹೋಗ್ತಿದೀವಿ. ಖಣ ತರಕ್ಕೆ ಹೆಂಗೂ ಸೀರೆ ಜೊತೇಲಿ ತಗೊಂಡ್ಹೋಗ್ಬೇಕಿತ್ತು. ಅಜ್ಜಿನೂ ಬರ್ತೀನಿ ಅಂತಿದಾರೆ, ಎಳೆ ಬಣ್ಣ ನಾನೇ ನೋಡಿ ಹೇಳ್ತೀನಿ ಅಂತ.